ಬಿದ್ದವರ ಮುಖ

ಚಿತ್ರದಲ್ಲಿ ಏಟು ಬರೆಯುವುದಾದರೆ ಬೃಂದಾಳೇ ಬರೆಯಬೇಕು ಎಂದು ಮೈಸೂರಿನ ಸಂಪಾದಕರು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು. ಅವಳ ಕಾಮಿಕ್ಸಿನ ನಾಯಕ ಗರಡಿ ಮಾದ ತೋಳೆತ್ತಿದನೆಂದರೆ ಭುಜ, ಮೊಣಕೈ, ಬಿಗಿದ ಮುಷ್ಟಿ ಎಲ್ಲವೂ ಪುಟ ದಾಟಿ ಓದುಗನ ಮೂಗಿನವರೆಗೆ ಬರುತ್ತಿದ್ದವು. ಪುಟದ ಕೆಳಭಾಗ ಮಾತ್ರ ಯಾವಾಗಲೂ ಖಾಲಿ. ಏಟು ತಿಂದವನು ಎಲ್ಲಿ ಬಿದ್ದ, ಅವನ ಮುಖ ಏನಾಯಿತು ಎಂಬುದು ಯಾವ ಚಿತ್ರದಲ್ಲೂ ಇರುತ್ತಿರಲಿಲ್ಲ. ನಾಲ್ಕು ಹನಿ ರಕ್ತ, ಮಿಕ್ಕದ್ದು ಬಿಳಿ ಜಾಗ. ಹುಡುಗರು ಅದನ್ನೇ ‘ಬೃಂದಾ ಸ್ಟೈಲ್’ ಎಂದು ಫೋನಿನಲ್ಲಿ ಹಂಚಿಕೊಂಡು ಕುಣಿದಾಡಿದರು. ಸ್ಟೈಲೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಅದು ಹನಗೋಡಿನ ಒಂದು ಮನೆಯಲ್ಲಿ ರಾಗಿ ತುಂಬುವ ವಾಡೆಯ ಹಿಂದಿನಿಂದ ಬಂದದ್ದು.

ಅವಳ ಅಪ್ಪ ದೊಡ್ಡಮಾದಯ್ಯ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಸೊಪ್ಪು ಮುರಿಯುವ ಕಾಲದಲ್ಲಿ ಅವನ ಅಂಗೈಗಳು ಜಿಗುಟು ಮೆತ್ತಿಕೊಂಡು ಕರ್ರಗಾಗುತ್ತಿದ್ದವು. ಆ ಕೈ ತೊಳೆಯುವ ಮೊದಲೇ ಹೊಡೆಯುವುದಕ್ಕೆ ಶುರುಮಾಡುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೂ ಏಟು, ಹೆಚ್ಚಾದರೂ ಏಟು. ಅವನು ಕೈಯೆತ್ತಿದ ಕೂಡಲೇ ಅವ್ವ ಸೋಮಮ್ಮ ಬೃಂದಾಳನ್ನೂ ಅವಳ ತಮ್ಮ ಧರ್ಮೇಂದ್ರನನ್ನೂ ವಾಡೆಯ ಹಿಂದಕ್ಕೆ ತಳ್ಳುತ್ತಿದ್ದಳು. ಅಲ್ಲಿಂದ ಕಾಣುತ್ತಿದ್ದುದು ಅಪ್ಪನ ಬೆನ್ನು ಮತ್ತು ಮೇಲೆದ್ದ ತೋಳು. ಅವ್ವ ಕಾಣುತ್ತಿರಲಿಲ್ಲ, ಅವಳ ಸದ್ದು ಮಾತ್ರ ಕೇಳುತ್ತಿತ್ತು. ಒಮ್ಮೆ ಗುರಿ ತಪ್ಪಿದ ಏಟು ಗೋಡೆಗೆ ಬಿದ್ದು, ಸುಣ್ಣದ ಮೇಲೆ ಐದೂ ಬೆರಳು ಕರ್ರಗೆ ಮೂಡಿದವು. ಮಾರನೆಯ ದಿನ ಬೃಂದಾ ಇದ್ದಿಲು ತಂದು ಆ ಬೆರಳುಗಳಿಗೆ ತೋಳು ಬರೆದಳು, ತೋಳಿಗೆ ಭುಜ ಬರೆದಳು. ಅದೇ ಅವಳ ಮೊದಲ ಚಿತ್ರ. ಅದಕ್ಕೂ ಅವ್ವನಿಗೇ ಏಟು ಬಿತ್ತು.

ತಡೆಯಲಾರದಷ್ಟು ಏಟು ಬಿದ್ದಾಗ ಸೋಮಮ್ಮ ಮಕ್ಕಳನ್ನು ಕಟ್ಟಿಕೊಂಡು ತವರಾದ ಕೃಷ್ಣರಾಜನಗರದ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಪಕ್ಕದ ಶೆಡ್ಡಿನಲ್ಲಿ ಅಣ್ಣಯ್ಯ ಎಂಬಾತ ಪೌರಾಣಿಕ ನಾಟಕಗಳಿಗೆ ಪರದೆ ಬರೆದು ಊರೂರಿಗೆ ಬಾಡಿಗೆ ಕೊಡುತ್ತಿದ್ದ. ಅವನ ಬಣ್ಣದ ಡಬ್ಬಗಳ ನಡುವೆ ಕೂತಳೆಂದರೆ ಹುಡುಗಿ ಊಟಕ್ಕೂ ಏಳುತ್ತಿರಲಿಲ್ಲ.

“ಕೈ ದೊಡ್ಡದಾಗಿ ಬರೀಬೇಕು ಕಣವ್ವಾ,” ಎನ್ನುತ್ತಿದ್ದ ಅಣ್ಣಯ್ಯ. “ಕೊನೇ ಸಾಲ್ನಲ್ಲಿ ಚಾಪೆ ಆಕ್ಕೊಂಡ್ ಕೂತೋನ್ಗೂ ಕಾಣ್ಬೇಕು.”

ಕಾಳಗದ ಪರದೆಯ ಕೆಳಭಾಗಕ್ಕೆ ಮಾತ್ರ ಕುಂಚ ತಾಗಿಸಲು ಬಿಡುತ್ತಿರಲಿಲ್ಲ. “ಬಿದ್ದೋರ್ನ ಬರೀಬ್ಯಾಡ. ಬೀಳಾಕೆ ಪಾತ್ರದೋನು ಬತ್ತಾನೆ. ಆ ಜಾಗ ಅವನಿಗೆ ಬುಡು.”

ನಾಟಕದ ಪರದೆಗೆ ಅದು ಸರಿ. ಆದರೆ ಪುಸ್ತಕದ ಪುಟದ ಮುಂದೆ ಯಾರೂ ಬಂದು ಬೀಳುವುದಿಲ್ಲ ಎಂಬುದು ಬೃಂದಾಳಿಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ವಾಡೆಯ ಹಿಂದೆ ಕಂಡದ್ದನ್ನು ಅಣ್ಣಯ್ಯನ ಶೆಡ್ಡಿನಲ್ಲಿ ತಿದ್ದುತ್ತಾ ಹೋದಳು. ಅವ್ವನಿಗೆ ಹೆಚ್ಚು ಏಟು ಬಿದ್ದ ವರ್ಷವೇ ಬೃಂದಾಳ ಕೈ ಹೆಚ್ಚು ಪಳಗಿತು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಗರಡಿ ಮಾದನನ್ನು ಮೊದಲು ಬರೆಯುವಾಗ ಅವಳು ಎದುರಿಗೆ ನಿಲ್ಲಿಸಿಕೊಂಡದ್ದು ತಮ್ಮನನ್ನೇ. “ಇನ್ನೂ ಮ್ಯಾಕೆತ್ತಲಾ ಕೈಯ. ಅಪ್ಪ ಎತ್ತಲ್ವಾ, ಅಂಗೆ,” ಎಂದು ತಿದ್ದಿ ನಿಲ್ಲಿಸುತ್ತಿದ್ದಳು. ಧರ್ಮೇಂದ್ರ ಎತ್ತುತ್ತಿದ್ದ. ಚೆನ್ನಾಗಿ ಎತ್ತಿದರೆ ಅಕ್ಕನಿಂದ ಶಹಬ್ಬಾಸ್ ಸಿಗುತ್ತಿತ್ತು.

ದೊಡ್ಡಮಾದಯ್ಯ ಸತ್ತ ಮೇಲೆ, ನಿನ್ನದೇ ಕಥೆಯ ದೊಡ್ಡ ಪುಸ್ತಕ ಮಾಡು ಎಂದು ಸಂಪಾದಕರು ಹುರಿದುಂಬಿಸಿದರು. ಹುಣಸೂರಿನ ತನ್ನ ಬಾಡಿಗೆ ಕೋಣೆಯಲ್ಲಿ ಬೃಂದಾ ಅವ್ವನ ಕಥೆ ಬರೆಯತೊಡಗಿದಳು. ಅಪ್ಪನ ಕೈ ಸಲೀಸಾಗಿ ಬಂತು. ಅವ್ವನ ಮುಖ ಬರಲಿಲ್ಲ. ಕನ್ನಡಿಯ ಮುಂದೆ ಕೂತು ತಾನೇ ಮುಖ ಕಿವುಚಿ ನೋಡಿ ಬರೆದರೆ, ಅಣ್ಣಯ್ಯನ ಪರದೆಯ ರಾಕ್ಷಸರು ಕಣ್ಣು ಬಿಟ್ಟುಕೊಂಡು ಬಂದರು. ಕೊನೆಗೆ ಅವ್ವನನ್ನೇ ಕೇಳೋಣವೆಂದು ಹನಗೋಡಿಗೆ ಹೋದಳು.

“ಅವ್ವಾ, ಅಪ್ಪ ಒಡೀವಾಗ ನಿನ್ ಮೊಕ ಎಂಗಾಯ್ತಿತ್ತು?”

“ಏಟು ತಿನ್ನೋವಾಗ ಕನ್ನಡಿ ಇಡ್ಕೊಂಡ್ ನಿಂತಿದ್ನಾ?” ಸೋಮಮ್ಮ ಎಲೆಅಡಿಕೆಯನ್ನು ಎಂದಿನಂತೆ ಬಲಗೆನ್ನೆಗೆ ತಳ್ಳಿದಳು. “ಬುಡು ಅತ್ಲಾಗೆ. ಎಲ್ಲಾರ್ ಮನೇಲೂ ಇದ್ದದ್ದೇ. ಸತ್ತೋರ್ನ ಬಯ್ಯಾಕೆ ಪುಸ್ತಕ ಬೇರೆ ಕೇಡು.”

ಅಷ್ಟರಲ್ಲಿ ಧರ್ಮೇಂದ್ರ ಬಾಗಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಊಟಕ್ಕೆ ಬಂದ. ಅವನ ಹೆಂಡತಿ ರಮ್ಯಾ ಫೋನಿನಲ್ಲಿ ತವರಿನವರ ಜೊತೆ ಮಾತಾಡುತ್ತಿದ್ದಳು. ಅವನು ಫೋನು ಕಿತ್ತು ಒಲೆಗೆಸೆದ. “ನಾನಿಲ್ಲಿ ಅಸ್ಕೊಂಡ್ ಸಾಯ್ತಿವ್ನಿ, ನಿಂಗೆ ಮಾತ್ಕತೆನಾ?” ಎಂದು ಕೂದಲು ಹಿಡಿದು ಅವಳ ಹಣೆಯನ್ನು ಗೋಡೆಗೆ ಅಪ್ಪಳಿಸಿದ. ಅವಳು ಕುಸಿದಳು. ಸೂರಿನಲ್ಲಿ ಸಿಕ್ಕಿಸಿದ್ದ ಹೊಗೆಸೊಪ್ಪು ಕಟ್ಟುವ ಕಡ್ಡಿಯನ್ನು ಎಳೆದುಕೊಂಡು ಬೆನ್ನಿಗೆ ಹೊಡೆದ, ಭುಜಕ್ಕೆ ಹೊಡೆದ, ಅಡ್ಡ ಹಿಡಿದ ಮುಂಗೈಗೆ ಹೊಡೆದ. ಕಡ್ಡಿ ಸೀಳಿತು. ಸೀಳಿದ್ದರಲ್ಲೇ ಹೊಡೆದ.

ಬೃಂದಾ ವಾಡೆಯ ಪಕ್ಕ ನಿಂತಿದ್ದಳು. ಎದುರಿಗೆ ಅದೇ ಬೆನ್ನು, ಅದೇ ತೋಳು. ಅವಳೇ ತಿದ್ದಿ ನಿಲ್ಲಿಸಿದ್ದ ತೋಳು. ಅಂಥ ಹೊತ್ತಿನಲ್ಲೂ ಅವಳ ಕಣ್ಣು ಭುಜದ ಅಳತೆ ತೆಗೆದುಕೊಂಡಿತು, ಬೆರಳು ಪೆನ್ಸಿಲಿಗೆ ತಡಕಾಡಿತು. ತನ್ನ ಮೇಲೆ ಅವಳಿಗೆ ಹುಟ್ಟಿದ ಅಸಹ್ಯ ಅಷ್ಟಿಷ್ಟಲ್ಲ.

“ಬುಡ್ಲಾ ಅವಳ್ನ!” ಎಂದು ನುಗ್ಗಿ ತಮ್ಮನ ಮೊಣಕೈಗೆ ಜೋತುಬಿದ್ದಳು.

ಅವನು ಕೊಡವಿ ಬೀಸಿದ ಏಟು ಅವಳ ಬಲ ಮಣಿಕಟ್ಟಿಗೆ ಬಿತ್ತು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಹೊಟ್ಟೆಗೆ ಒದ್ದ. ಅವಳು ರಮ್ಯಾಳ ಪಕ್ಕದಲ್ಲೇ ಬಿದ್ದಳು.

ನೆಲದಿಂದ ನೋಡಿದಾಗ ಗರಡಿ ಮಾದ ಎಲ್ಲೂ ಇರಲಿಲ್ಲ. ಇದ್ದವನು ಮೂಗು ಸೋರುತ್ತಿದ್ದ, ಪಂಚೆ ಕಳಚಿ ಎಡವುತ್ತಿದ್ದ, ಏದುಸಿರು ಬಿಡುತ್ತಿದ್ದ ಒಬ್ಬ ಗಂಡಸು. ಅವಳು ಪಕ್ಕಕ್ಕೆ ತಿರುಗಿದಳು. ರಮ್ಯಾಳ ಮುಖ ಗೇಣು ದೂರದಲ್ಲಿತ್ತು. ಹುಬ್ಬಿನಿಂದ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು. ಬಾಯಿ ತೆರೆದಿರಲಿಲ್ಲ, ಕಿರುಚಾಟವೂ ಇರಲಿಲ್ಲ. ತೆರೆದ ಕಣ್ಣು ಮುಂದಿನ ಏಟು ಎಲ್ಲಿಗೆ ಎಂದು ಲೆಕ್ಕ ಹಾಕುತ್ತಿತ್ತು.

“ಅಕ್ಕಾ, ತಲೆ ಮುಚ್ಕಳಿ,” ಎಂದು ರಮ್ಯಾ ಪಿಸುಗುಟ್ಟಿದಳು. “ಈಗ ತಲೆಗೆ ಒಡೀತಾರೆ.”

ತಲೆಗೇ ಹೊಡೆದ.

ಹುಣಸೂರಿನ ಆಸ್ಪತ್ರೆಗೆ ಪೊಲೀಸಿನವರು ಬಂದಾಗ ಉತ್ತರ ಹೇಳಿದ್ದು ಸೋಮಮ್ಮ. “ಜಾರಿ ಬಿದ್ರು ಕಣಪ್ಪಾ. ನೆಲ ಸಾರ್ಸಿದ್ದೆ, ಇಬ್ರೂ ಒಟ್ಟಿಗೆ ಜಾರುದ್ರು.” ಅವಳು ತಡವರಿಸಲಿಲ್ಲ. ಒಂದು ಜೀವಮಾನವೆಲ್ಲ ಹೇಳಿ ಹೇಳಿ ನುಣುಪಾದ ಮಾತು ಅದು. ನನ್ನ ಕೈ ಮುರಿದದ್ದು ನನ್ನ ತಮ್ಮ ಎಂದು ಬೃಂದಾ ಹೇಳಿದಳು. ಪೊಲೀಸಿನವನು ರಮ್ಯಾಳ ಕಡೆ ನೋಡಿದ.

“ಅತ್ತೆ ಏನಂತಾರೋ ಅದೇ ಸರ್,” ಎಂದಳು ರಮ್ಯಾ.

ಒಬ್ಬಳು ಹೊಡೆದರು ಎನ್ನುತ್ತಾಳೆ, ಇಬ್ಬರು ಜಾರಿದರು ಎನ್ನುತ್ತಾರೆ. ಮನೆಯೊಳಗೇ ಮಾತಾಡಿಕೊಳ್ಳಿ ಎಂದು ಅವನು ಹೊರಟುಹೋದ. ಬೃಂದಾ ಹಟ ಹಿಡಿದು ರಮ್ಯಾಳನ್ನು ತನ್ನ ಕೋಣೆಗೆ ಕರೆದುಕೊಂಡು ಬಂದಳು. ಊರಿನ ಹಿರಿಯರು ರಾಜಿ ಮಾಡಿ, ಸೋಮವಾರ ಸೊಸೆಯನ್ನು ವಾಪಸು ಕರೆತರಬೇಕೆಂದು ಸೋಮಮ್ಮನಿಗೆ ಹೇಳಿದರು. ವಾಪಸು ಹೋದರೆ ರಮ್ಯಾ ಬದುಕುವುದಿಲ್ಲ. ಬೃಂದಾಳಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬಲಗೈ ಪಟ್ಟಿಯಲ್ಲಿತ್ತು. ಅವಳು ಎಡಗೈಯಲ್ಲಿ ಬರೆಯತೊಡಗಿದಳು. ಗೆರೆ ನಡುಗಿತು, ಡೊಂಕಾಯಿತು. ಅಣ್ಣಯ್ಯ ಕಲಿಸಿದ ತೋಳುಗಳು ಈ ಕೈಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ರಮ್ಯಾ ಕಿಟಕಿಯ ಬಳಿ ಕೂತಳು, ಬೃಂದಾ ಅವಳ ಒಡೆದ ಹುಬ್ಬನ್ನೂ ಲೆಕ್ಕ ಹಾಕುವ ಆ ಕಣ್ಣನ್ನೂ ಬರೆದಳು. ಹೊಡೆದವನ ಕೈ ಪುಟದಿಂದ ಆಚೆ ಹೋಯಿತು. ಬಿದ್ದವಳು ಪುಟದ ತುಂಬಾ ಬಂದಳು. ಅವ್ವನ ಪುಟಗಳು ಮಾತ್ರ ಹಾಗೇ ಉಳಿದವು. ಎಲ್ಲವನ್ನೂ ಅವಳು ಗೋಡೆಗೆ ಅಂಟಿಸಿಟ್ಟಳು.

ಸೋಮವಾರ ಸೋಮಮ್ಮ ಬಂದಳು. ಬಾಗಿಲಲ್ಲೇ ನಿಂತು, “ನಡೀ ರಮ್ಯಾ, ಬಸ್ಸಿಗೆ ಒತ್ತಾಯ್ತು. ಇನ್ಮೇಲೆ ಒಡಿಯಾಕಿಲ್ಲ ಅಂತ ಆಣೆ ಮಾಡವ್ನೆ,” ಎಂದಳು. ರಮ್ಯಾ ಮರುಮಾತಿಲ್ಲದೆ ಎದ್ದು ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

“ಅಪ್ಪಾನೂ ಆಣೆ ಮಾಡ್ತಿತ್ತಲ್ಲವ್ವಾ,” ಎಂದಳು ಬೃಂದಾ. “ಕೆಆರ್ ನಗರಕ್ಕೆ ಬಂದ್ ಬಂದು ಆಣೆ ಮಾಡ್ತಿತ್ತು.”

ಸೋಮಮ್ಮ ಒಳಗೆ ಬಂದಳು. ಅವಳ ಕಣ್ಣು ಗೋಡೆಯ ಮೇಲಿತ್ತು. ರಮ್ಯಾಳ ಮುಖವನ್ನು ಒಂದೊಂದಾಗಿ ನೋಡುತ್ತಾ ಬಂದಳು. ಆಮೇಲೆ ತನ್ನ ಮನೆ ಕಂಡಳು, ವಾಡೆ ಕಂಡಳು, ಗಂಡನ ಕರೀ ಕೈ ಕಂಡಳು.

“ಇದ್ಯಾಕೆ ಇಲ್ಲಿ ಬಿಳೀ ಬುಟ್ಟಿದೀಯಾ?”

“ಅಲ್ಲಿ ನೀನಿರ್ಬೇಕು. ನಿನ್ ಮೊಕ ನಾನ್ ನೋಡೇ ಇಲ್ವಲ್ಲವ್ವಾ.”

ಸೋಮಮ್ಮ ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಬಾಯಿಯ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದು, ರಮ್ಯಾಳ ಕೈಯಿಂದ ಚೀಲ ತೆಗೆದು ಮೂಲೆಗೆ ಇಟ್ಟಳು. ಕಿಟಕಿಯ ಬಳಿ ಕೂತು ಸೆರಗನ್ನು ತಲೆಯಿಂದ ಸರಿಸಿದಳು. ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದಳು.

“ನಿಮ್ಮಪ್ಪಂದು ಬಲಗೈ. ಏಟೆಲ್ಲಾ ಈ ಕಡೀಕೇ ಬೀಳಾದು. ಈ ದವಡೆ ಮುರ್ದು ಅಂಗೇ ಕೂಡ್ಕಂಡದೆ. ಅದಕ್ಕೇ ಎಲೆಅಡ್ಕೆ ಈ ಕಡೆ ಅಗ್ಯಾಕಾಗಲ್ಲ, ನಿಂಗ್ ಗೊತ್ತೇ ಆಗ್ನಿಲ್ಲ.” ಅವಳು ಕಣ್ಣು ಮಿಟುಕಿಸದೆ ಕೂತಿದ್ದಳು. “ಬಿರ್ರನೆ ಬರ್ಕೋ. ಆಮ್ಯಾಕೆ ಮೂವರೂ ಪೊಲೀಸ್ ಟೇಸನ್ನಿಗೆ ಓಗನ. ಜಾರಿ ಬಿದ್ರು ಅಂದೋಳು ನಾನೇ, ಒಡ್ದ ಅಂತಲೂ ನಾನೇ ಏಳ್ತೀನಿ.”

ಬೃಂದಾ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಹತ್ತಿರ ಕೂತಳು. ದವಡೆಯ ಕೆಳಗೆ ಹೆಬ್ಬೆರಳು ಕೂರುವಷ್ಟು ಒಂದು ತಗ್ಗಿತ್ತು. ಅವಳು ಮೊದಲು ಅದನ್ನು ಬರೆದಳು.