ಹಿಂದಿನ ಸೀಟಿನಲ್ಲಿ ಮೂರು ಕುರ್ಚಿ

ಹೊಸನಗರ ದಾಟಿದ ಮೇಲಿನ ಒಂದು ತಿರುವಿನಲ್ಲಿ, ಓಡುತ್ತಿದ್ದ ಕಾರಿನ ಹಿಂಬಾಗಿಲು ತಾನಾಗಿ ತೆರೆದುಕೊಂಡಿತು. ಮುಂದೆ ಕೂತಿದ್ದ ನಾನು ತಿರುಗಿ ನೋಡಿದಾಗ ಮಗಳು ಶಾಂತಾಳ ಒಂದು ಕಾಲು ಹೊರಗಿತ್ತು. ಅವಳ ಲಂಗ ನನ್ನ ಕೈಗೆ ಸಿಕ್ಕಿತು. ಬಾಗಿಲಾಚೆ ನೆಲ ಕಾಣಲಿಲ್ಲ, ಮರಗಳ ತುದಿಗಳು ಕಂಡವು. ನಮ್ಮ ಗದಗಿನ ಕಡೆ ಗಾಡಿಯಿಂದ ಬಿದ್ದ ಮಗು ಎರೆಮಣ್ಣಿನ ಮೇಲೆ ಬೀಳುತ್ತದೆ. ಇಲ್ಲಿ ಎಲ್ಲಿಗೆ ಬೀಳುತ್ತದೆ ಎಂದು ಹೇಳುವಂತಿಲ್ಲ.

ನನ್ನ ಗಂಡ ದನದ ಡಾಕ್ಟರು. ಸಾಗರಕ್ಕೆ ವರ್ಗವಾದ ಮೇಲೆ, ಬಸ್ಸಿಲ್ಲದ ಹಳ್ಳಿಗಳಿಗೆ ಹೋಗಲು ವಾಹನ ಬೇಕಾಯಿತು. ತೀರ್ಥಹಳ್ಳಿಯಾಚೆ ಕಾಫಿ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಿದ್ದ ಬಿಳಿಯರೊಬ್ಬರಿಂದ ಈ ಹಳೆಯ ಸಣ್ಣ ಕಾರನ್ನು ಕೊಂಡು ತರುತ್ತಿದ್ದೆವು. ಅದರ ಜೊತೆಗೆ ಮಗುವಿನ ಕುರ್ಚಿಯೊಂದು ಬಂದಿತ್ತು. ಕಬ್ಬಿಣದ ಕೊಳವೆಗೆ ಕ್ಯಾನ್ವಾಸ್ ಹೊಲಿದದ್ದು. ಎರಡು ಕೊಕ್ಕೆಗಳಿಂದ ಸೀಟಿನ ಬೆನ್ನಿಗೆ ತೂಗುಹಾಕಿ, ಮಗುವನ್ನು ಕೂರಿಸಿ ಕಟ್ಟಬೇಕು. ಬೆಳಿಗ್ಗೆ ಅದನ್ನು ನೋಡಿ ನಕ್ಕಿದ್ದೆ. ಆ ತಿರುವಿನ ನಂತರ ನಗು ಬರಲಿಲ್ಲ.

ನಮಗೆ ಮೂವರು ಮಕ್ಕಳು. ಶಾಂತಾ ದೊಡ್ಡವಳು, ನಡುವಿನವನು ಈರಣ್ಣ, ಆಗತಾನೇ ಕೂರಲು ಕಲಿತವನು ಬಸು. ಸಾಗರದ ಕಮ್ಮಾರರಿಂದ ಅಂಥವೇ ಇನ್ನೆರಡು ಕುರ್ಚಿ ಮಾಡಿಸಿದೆವು. ಎರಡು ಸಲೀಸಾಗಿ ಕೂತವು. ಮೂರನೆಯದನ್ನು ನಡುವೆ ಇಟ್ಟರೆ ಬಾಗಿಲು ಮುಚ್ಚುತ್ತಿರಲಿಲ್ಲ. ನಡುವಿನ ಕುರ್ಚಿಯ ಎರಡೂ ತೋಳುಗಳನ್ನು ಗರಗಸದಿಂದ ಕೊಯ್ಯಿಸಿ, ಅದರ ಕೊಕ್ಕೆಗಳನ್ನು ಪಕ್ಕದವುಗಳ ಅಡಿಗೆ ಸಿಕ್ಕಿಸಿದಾಗ ಮೂರೂ ಕೂತವು. ಬೆರಳು ತೂರಲೂ ಸಂದಿರಲಿಲ್ಲ. ಹಳೆಯ ಇಳಕಲ್ ಸೀರೆಯನ್ನು ಪಟ್ಟಿಯಾಗಿ ಹರಿದು ಮಕ್ಕಳನ್ನು ಕಟ್ಟಿದೆ. ಪರವೂರಿಗೆ ಬಂದ ಮೇಲೆ ನಾನು ಗೆದ್ದ ಮೊದಲ ಕೆಲಸ ಅದು.

ನಮಗೆ ಮನೆ ಬಾಡಿಗೆಗೆ ಕೊಟ್ಟವರು ಗೌರಮ್ಮ. ಅಡಿಕೆ ವ್ಯಾಪಾರದ ಹವ್ಯಕ ಮನೆತನದವರು, ಮಕ್ಕಳಿಲ್ಲದವರು. ನಾವು ಲಿಂಗವಂತರು. ಗೌರಮ್ಮ ಜಗುಲಿಯಲ್ಲಿ ಕೂತು ಎಷ್ಟು ಹೊತ್ತಾದರೂ ಮಾತಾಡುವರು, ಆದರೆ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಮಡಿಯಲ್ಲಿದ್ದಾಗ ಮಕ್ಕಳು ಓಡಿ ಬಂದರೆ ಸೆರಗು ಎಳೆದುಕೊಂಡು ದೂರ ಸರಿಯುವರು. ನನಗೆ ಇಲ್ಲಿ ರೊಟ್ಟಿಗೆ ಜೋಳದ ಹಿಟ್ಟು ಸಿಗದೆ ಇದ್ದುದಕ್ಕಿಂತ ಆ ಸರಿಯುವಿಕೆ ಹೆಚ್ಚು ನೋಯಿಸುತ್ತಿತ್ತು. ಕಾರಿನಲ್ಲಿ ಸಾಲಾಗಿ ಕಟ್ಟಿ ಕೂರಿಸಿದ ಮಕ್ಕಳನ್ನು ಮೊದಲ ಸಲ ಕಂಡಾಗ ಹೇಳಿದರು: "ದನದ ಡಾಕ್ಟ್ರ ಮನೆ ಅಲ್ದನೇ ತಂಗಿ, ಮಕ್ಕಳನ್ನೂ ಕಟ್ಟಿ ಹಾಕಿದ್ದ. ಹುಲ್ಲು ಮಾತ್ರ ಹಾಕಿದ್ವಿಲ್ಲೆ."

ಹೊಳೆಗೆ ಅಣೆಕಟ್ಟು ಕಟ್ಟಿ ನೀರು ನಿಂತ ಹೊಸದು. ಆಚೆ ದಡದ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂದು, ನನ್ನ ಗಂಡ ಅಲ್ಲಿ ಕೆಲವು ದಿನ ಉಳಿಯಬೇಕಾಯಿತು. ಊರಿನಲ್ಲಾಗಿದ್ದರೆ ಮಕ್ಕಳನ್ನು ಅವ್ವನ ಹತ್ತಿರ ಬಿಡಬಹುದಿತ್ತು. ಇಲ್ಲಿ ಯಾರ ಹತ್ತಿರ ಬಿಡುವುದು? ಎಲ್ಲರೂ ಹೊರಟೆವು. ಆಚೆ ದಡದ ತವರಿನವರನ್ನು ನೋಡಬೇಕೆಂದು ಗೌರಮ್ಮನೂ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಒತ್ತಿ ಕೂತು ಬಂದರು. ಅವರ ತವರಿನ ಗದ್ದೆಗಳು ಮುಳುಗಿದ್ದವು. ಮನೆಯವರು ಗುಡ್ಡದ ಮೇಲೆ ಬಿಡಾರ ಮಾಡಿಕೊಂಡಿದ್ದರು.

ದೋಣಿ ಹೊರಡುವ ಹೊಳೆಬಾಗಿಲಿನಲ್ಲಿ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ಇದಕ್ಕೆ ಜಂಗಲ್ ಎನ್ನುತ್ತಾರೆ. ಕಾರನ್ನು ಅದರ ಮೇಲೆ ಹತ್ತಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ದೋಣಿಯ ತಿಮ್ಮಪ್ಪ ಒಳಗೆ ಇಣುಕಿದ.

"ಕಾರೊಳಗೆ ಯಾರೂ ಇರಬಾರ್ದು ಅಮ್ಮಾ. ಮಕ್ಕಳನ್ನ ಇಳಿಸ್ಕಳಿ."

"ಬಿಚ್ಚಿದ್ರ ಓಡಾಡಿ ನೀರಿಗೆ ಬೀಳ್ತಾವಪ್ಪಾ," ಎಂದೆ. "ಕಟ್ಟಿದ್ರನ ಚಲೋ."

"ನೀರ ಮೇಲೆ ಕಟ್ಟಬಾರ್ದು ಅಮ್ಮಾ," ಎಂದ. ಅಷ್ಟರಲ್ಲಿ ದಡದಲ್ಲಿದ್ದವನೊಬ್ಬ ದೋಣಿಯನ್ನು ನೂಕಿಬಿಟ್ಟಿದ್ದ.

ಕೊಡಗಳ ಲೆಕ್ಕದಲ್ಲಿ ನೀರು ನೋಡಿ ಬೆಳೆದವಳು ನಾನು. ಅಲ್ಲಿ ಕಣ್ಣು ಹೋದಲ್ಲೆಲ್ಲ ನೀರು, ಅದರ ನಡುವೆ ಇನ್ನೂ ಒಣಗದ ಮರದ ತುದಿಗಳು. ನಡುನೀರಿಗೆ ಬಂದಾಗ ಗಾಳಿ ಎದ್ದಿತು. ಅಡಿಯಲ್ಲಿ ಒಂದು ಮರ ದೋಣಿಗೆ ತಗುಲಿ ಹಲಗೆ ವಾಲಿತು. ಕಾರು ಕಲ್ಲನ್ನು ಹತ್ತಿ, ಅದರ ಮೇಲಿಂದ ಇಳಿದು, ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಿಂದಿನ ಗಾಲಿ ಹಲಗೆಯ ಅಂಚಿನ ತೊಲೆಗೆ ತಾಗಿ ನಿಂತಿತು. ತೊಲೆ ಕಿರುಗುಟ್ಟಿತು. ನನ್ನ ಗಂಡ, ತಿಮ್ಮಪ್ಪ ಇಬ್ಬರೂ ಕಾರಿಗೆ ಹೆಗಲು ಕೊಟ್ಟರು. ಕೈ ಬಿಡುವಂತಿರಲಿಲ್ಲ.

"ಮಕ್ಕಳನ್ನ ತೆಗೀ," ಎಂದರು ನನ್ನ ಗಂಡ. ಅವರ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಒಂದು ಬಾಗಿಲಿನಿಂದ ಶಾಂತಾಳನ್ನು ಬಿಚ್ಚಿ ತೆಗೆದೆ. ಇನ್ನೊಂದು ಬಾಗಿಲಿಗೆ ಸುತ್ತಿ ಬಂದು ಬಸುವನ್ನು ತೆಗೆದು, ಅವಳಿಂದ ದೂರವಾಗದಂತೆ ಹಲಗೆಯ ನಡುವೆ ಕೂರಿಸಿದೆ. ಉಳಿದವನು ಈರಣ್ಣ. ದಾರಿಯಲ್ಲಿ ವಾಂತಿ ಮಾಡಿಕೊಂಡಿದ್ದ. ನೆನೆದ ಪಟ್ಟಿಯ ಗಂಟು ಕಲ್ಲಾಗಿತ್ತು. ಕುರ್ಚಿಯನ್ನೇ ಎತ್ತೋಣವೆಂದರೆ, ಅದರ ಕೊಕ್ಕೆಗಳು ಪಕ್ಕದ ಕುರ್ಚಿಗಳ ಅಡಿಯಲ್ಲಿ ಸಿಕ್ಕಿದ್ದವು. ಬಿಗಿಯಾಗಿ ಕೂರಲೆಂದು ನಾನೇ ಹಾಗೆ ಮಾಡಿಸಿದ್ದೆ. ಉಗುರು ಮುರಿಯಿತು. ಗಂಟು ಬಿಚ್ಚಿಕೊಳ್ಳಲಿಲ್ಲ. ಹಲಗೆ ಮತ್ತೆ ವಾಲಿತು.

"ಆಯೀ," ಎಂದು ಈರಣ್ಣ ಕಿರುಚಿದ.

"ಸರಿ ಅತ್ಲಾಗೆ ತಂಗಿ." ಗೌರಮ್ಮ ನನ್ನನ್ನು ಪಕ್ಕಕ್ಕೆ ನೂಕಿ ಕಾರಿನೊಳಗೆ ನುಗ್ಗಿದರು. ಬಗ್ಗಿ, ವಾಂತಿಯಲ್ಲಿ ನೆನೆದ ಆ ಗಂಟನ್ನು ಬಾಯಲ್ಲಿ ಕಚ್ಚಿದರು. ತಲೆ ಅತ್ತಿತ್ತ ಅಲುಗಾಡಿಸಿ ಎಳೆದರು. ಅವರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಆ ಬೆನ್ನು ಹೊರಗೆ ಬಂದಾಗ ಈರಣ್ಣ ಅವರ ಕುತ್ತಿಗೆಗೆ ಜೋತುಬಿದ್ದಿದ್ದ.

ಕಾರು ನೀರಿಗೆ ಬೀಳಲಿಲ್ಲ. ತೊಲೆ ತಡೆಯಿತು.

ಗೌರಮ್ಮ ಬಾಯಿ ಮುಕ್ಕಳಿಸಿ, ಒಂದು ಹಲ್ಲನ್ನು ಬೆರಳಿನಿಂದ ಅಲುಗಾಡಿಸಿ ನೋಡಿದರು. "ಎಂತಾ ಗಂಟೇ ಹಾಕಿದ್ದೆ ಮಾರಾಯ್ತಿ. ಹಲ್ಲೇ ಸಡ್ಲ ಆತು." ಆಮೇಲೆ, ನನ್ನ ಕಡೆ ನೋಡದೆ ಕೇಳಿದರು: "ಮಾಣಿ ಎನ್ನ ಎಂತ ಹೇಳಿ ಕರ್ದ, ಕೇಳ್ದ್ಯಾ?"

ಕೇಳಿದ್ದೆ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಹೆದರಿದ ಮಗು ಊರಿನ ತನ್ನ ಅಜ್ಜಿಯನ್ನು, ನನ್ನ ಅವ್ವನನ್ನು ಕರೆದಿತ್ತು. ಗೌರಮ್ಮನವರ ಮನೆಮಾತಿನಲ್ಲಿ ಆಯಿ ಎಂದರೆ ಅಮ್ಮ. ಅವರನ್ನು ಯಾರೂ ಹಾಗೆ ಕರೆದವರಿರಲಿಲ್ಲ. ನಾನು ಅರ್ಥ ಬಿಡಿಸಿ ಹೇಳಲು ಹೋಗಲಿಲ್ಲ. "ಕೇಳಿದೆ ಗೌರಮ್ಮಾ," ಎಂದೆ.

ಈರಣ್ಣ ಅಂದಿನಿಂದ ಅವರನ್ನು ಹಾಗೆಯೇ ಕರೆಯತೊಡಗಿದ. ಅವರು ಈಗಲೂ ನಮ್ಮ ಮನೆಯ ನೀರು ಕುಡಿಯುವುದಿಲ್ಲ. ಜಗುಲಿಗೆ ಕಾಫಿ ತಂದುಕೊಟ್ಟರೆ "ಈಗ ಬ್ಯಾಡ ತಂಗಿ" ಎನ್ನುತ್ತಾರೆ. ಅವನು ಓಡಿ ಬಂದರೆ ಮಾತ್ರ ಮಡಿಯಲ್ಲಿದ್ದರೂ ಎತ್ತಿಕೊಂಡು, ಆಮೇಲೆ ಇನ್ನೊಮ್ಮೆ ಮೀಯಲು ಹೋಗುತ್ತಾರೆ.

ಬೇಸಿಗೆಗೆ ಊರಿಗೆ ಹೋದೆವು. ಜೋಳದ ರೊಟ್ಟಿ, ಒಣ ಗಾಳಿ, ದೂರದವರೆಗೂ ಕಾಣುವ ನೆಲ. ಇದೇ ನನ್ನದು ಎನಿಸಿತು. ಒಂದು ಮಧ್ಯಾಹ್ನ ಈರಣ್ಣ ಸೆಕೆಗೆ ಎದ್ದು ಕೂತು, ಆಯಿ ಬೇಕೆಂದು ಅಳತೊಡಗಿದ.

"ಇಲ್ಲೇ ಅದೀನಲ್ಲೋ ನನ್ನಪ್ಪಾ," ಎಂದು ಅವ್ವ ಕೈ ಚಾಚಿದಳು.

ಅವನು ಆ ಕೈಯನ್ನು ದೂಡಿದ. "ನೀ ಅಲ್ಲ."

ಅವ್ವ ನನ್ನ ಮುಖ ನೋಡಿದಳು. ಸಾಗರದಲ್ಲಿ ಒಬ್ಬರಿದ್ದಾರೆ ಎಂದೆ.

"ಆಕಿ ನಿನಗ ಏನಾಗಬೇಕವ್ವಾ?" ಎಂದು ಕೇಳಿದಳು.

ನಮ್ಮ ಮನೆಯ ಹನಿ ನೀರನ್ನೂ ಕುಡಿಯದವರು, ನನಗೆ ಏನಾಗಬೇಕು? ಎದ್ದು ಈರಣ್ಣನನ್ನು ಎತ್ತಿಕೊಂಡೆ. ಅವನು ಬಾಗಿಲ ಕಡೆ ನೋಡುತ್ತಾ ಅಳುತ್ತಿದ್ದ.