ನಾಣ್ಯದ ಅಂಚಿನ ಮಸಿ

ನಮ್ಮ ಮನೆಯಲ್ಲಿ ಇವತ್ತು ನಾಮಕರಣ ಆಯಿತು! ಮಗುವಿಗೆ ಇಪ್ಪತ್ತನಾಲ್ಕು ವರ್ಷ, ದಪ್ಪ ಮೀಸೆ. ನನ್ನ ಮಗಳ ಮಗ. ಸತ್ತನೆಂದು ನಾವೇ ಬೊಜ್ಜ ಮಾಡಿ, ಉತ್ತರಕ್ರಿಯೆ ಮುಗಿಸಿದವನು, ನಿನ್ನೆ ನಡೆದುಕೊಂಡು ಬಂದ. ನನ್ನದು ಎರಡನೇ ಕ್ಲಾಸಿನ ಅಕ್ಷರ. ಆದರೂ ಬರೆಯದೆ ಇರಲಾರೆ.

ಅವನು ಹಡಗಿನ ಖಲಾಸಿ. ಯುದ್ಧಕ್ಕೆ ಮೊದಲು ಜಾವಾದಿಂದ ನನಗೊಂದು ಡಚ್ಚರ ಬೆಳ್ಳಿ ನಾಣ್ಯ ತಂದಿದ್ದ. ನಮ್ಮ ರೂಪಾಯಿಯ ಅಂಚಿನಲ್ಲಿ ಬರೀ ಗೀರು; ಇದರ ಅಂಚಿನಲ್ಲಿ ಸುತ್ತಲೂ ಅಕ್ಷರ ಕೊರೆದಿತ್ತು.

"ದೇವರು ನಮ್ಮೊಟ್ಟಿಗೆ ಇರಲಿ ಅಂತ ಉಂಟು ಅಜ್ಜಿ. ಓದಿದಷ್ಟೂ ಮುಗಿಯುವುದಿಲ್ಲ."

ನನ್ನ ಕಣ್ಣಿಗೆ ಕಾಣಲಿಲ್ಲ, ಉಗುರಿಗೆ ಮಾತ್ರ ಸಿಕ್ಕಿತು.

ಮತ್ತೆ ಹೋದವನ ಕಾಗದ ನಿಂತಿತು. ಹಡಗು ಮುಳುಗಿತೆಂದು ಬೆಂಗ್ರೆಯ ಖಲಾಸಿಯೊಬ್ಬ ಸುದ್ದಿ ತಂದ. ಮೂರು ವರ್ಷ ಬಂದರಿನ ಧಕ್ಕೆಯಲ್ಲಿ ಕುಳಿತು ಆ ಅಂಚನ್ನು ತಡವಿದೆ. ಊಟಕ್ಕೆ ಅವನಿಗೂ ಒಂದು ಎಲೆ ಹಾಕುತ್ತಿದ್ದ ಮಗಳು ಕ್ರಮೇಣ ಅದನ್ನೂ ಬಿಟ್ಟಳು.

ಕೊನೆಗೆ ನನ್ನ ಮಗ, ಅವನ ಸೋದರಮಾವ, ಎದುರು ಬಂದು ಕುಳಿತ.

"ಅಮ್ಮ, ಅವನಿಗೊಂದು ದಾರಿ ಮಾಡಿಕೊಡಬೇಕಲ್ಲ. ಎಷ್ಟು ಸಮಯ ಅಲೆಯುವುದು ಅವ?"

"ಹೆಣ ನೋಡಿದ್ದೀಯಾ ನೀನು?"

"ದರ್ಭೆಯ ಗೊಂಬೆ ಮಾಡಿದರೆ ಆಗ್ತದಂತೆ. ಅವನದ್ದು ಎಂತಾದರೂ ಒಂದು ವಸ್ತು ಬೇಕು."

ಉಳಿದದ್ದು ನಾಣ್ಯ ಒಂದೇ. ನಾನೇ ತೆಗೆದುಕೊಟ್ಟೆ. ಗೊಂಬೆಯ ಎದೆಯ ಮೇಲಿಟ್ಟು ಬೆಂಕಿ ಕೊಟ್ಟರು. ಬೂದಿಯಿಂದ ಹೆಕ್ಕಿದಾಗ ಕೊರೆದ ಅಕ್ಷರಗಳಲ್ಲಿ ಮಸಿ ತುಂಬಿ, ಒಂದೊಂದೂ ಮೊದಲ ಸಲ ನನ್ನ ಕಣ್ಣಿಗೆ ಕಂಡಿತು. ಯಾರೊಟ್ಟಿಗೆ ಇದ್ದ ಆ ದೇವರು? ಮೊಮ್ಮಗ ಎಲ್ಲಿಯೋ ಉಸಿರಾಡುತ್ತಿದ್ದರೆ ಆ ಉಸಿರನ್ನು ನಾನೇ ಸುಟ್ಟೆನಲ್ಲ ಎಂದು ಎದೆ ಒಡೆಯಿತು. ಮತ್ತೆ ಧಕ್ಕೆಗೆ ಹೋಗಲಿಲ್ಲ. ಯಾರು ಬರುವುದಕ್ಕೆ ಕಾಯಲಿ? ಎದ್ದರೂ ಮಲಗಿದರೂ ಒಂದೇ ಆಯಿತು.

ನಿನ್ನೆ ಅಂಗಳದಲ್ಲಿ ಎಲುಬಿನ ಹಂದರವೊಂದು ನಿಂತು "ಅಜ್ಜೀ" ಎಂದಿತು. ಜಪಾನಿನವರ ಸೆರೆಯಲ್ಲಿದ್ದನಂತೆ. ನಾನು ಓಡಿ ಕೈ ಹಿಡಿದು ಒಳಗೆ ಎಳೆದರೆ ಮಗ ತಡೆದ: ಬೊಜ್ಜ ಆದವನು ಮತ್ತೆ ಹುಟ್ಟಿಯೇ ಹೊಸ್ತಿಲು ದಾಟಬೇಕು. ನನ್ನ ಮೊಮ್ಮಗ ನನ್ನ ಮನೆಯ ಜಗಲಿಯಲ್ಲೇ ಉಳಿದ. ನಾನು ಅಂದು ಕೊಟ್ಟ ನಾಣ್ಯದ ಫಲ!

ಇವತ್ತು ಭಟ್ಟರು ಅವನಿಗೆ ತುಪ್ಪ ಹಚ್ಚಿ ಮೀಯಿಸಿದರು. ನೆರೆಮನೆಯ ತೊಟ್ಟಿಲಿಗೆ ಕೈ ಮುಟ್ಟಿಸಿದರು. ಕಿವಿಯಲ್ಲಿ ಹಳೆಯ ಹೆಸರನ್ನೇ ಕರೆದೆ.

"ಎಂತ ಅಜ್ಜಿ, ನನ್ನನ್ನು ಸುಡ್ಲಿಕ್ಕೆ ಅಷ್ಟು ಅವಸರವಾ?"

ಸೆರಗಿನ ಗಂಟು ಬಿಚ್ಚಿದೆ. ನಾಣ್ಯ ಕೈಗಿತ್ತೆ. ಹುಣಸೆಹುಳಿ ಹಾಕಿ ಉಜ್ಜುತ್ತೇನೆ ಎಂದೆ. ಅವನು ಅಂಚನ್ನು ತಿರುಗಿಸಿ ನೋಡಿದ.

"ಬೇಡ ಮಾರಾಯ್ರೆ. ಈಗ ನಿಮಗೆ ಕಾಣ್ತದಲ್ಲ."

ಸಂಜೆ ಮಗಳು ಅಭ್ಯಾಸಬಲದಿಂದ ಒಂದು ಎಲೆ ಕಡಿಮೆ ಹಾಕಿ, ನೋಡಿ, ಅಲ್ಲೇ ಅತ್ತುಬಿಟ್ಟಳು. ನಾನೇ ಎದ್ದು ಎಲೆ ತಂದೆ. "ಮಗುವಿಗೆ ಖಾರ ಬೇಡ, ಹಾಲು ಅನ್ನ ಸಾಕು" ಎಂದ ಸೋದರಮಾವ. ಮಗು ಸೌತೆಕಾಯಿ ಹುಳಿಯನ್ನು ಮೂರು ಸಲ ಬಡಿಸಿಕೊಂಡಿತು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಂಡೆವು.