ಮೊದಲ ಕನ್ನಡಕಕ್ಕೆ ಪೂರ್ತಿ ನಂಬರು

ನಮ್ಮಕ್ಕ ಭೌತಶಾಸ್ತ್ರದಲ್ಲಿ ಫೇಲಾಗುವುದು ನಮ್ಮ ಮನೆಯಲ್ಲಿ ಸುದ್ದಿಯೇ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು, ಗಾಜು ಉಜ್ಜುವುದು, ಫ್ರೇಮು ಬಿಸಿ ಮಾಡಿ ಬಗ್ಗಿಸಿ ಗಿರಾಕಿಯ ಕಿವಿಗೆ ಹೊಂದಿಸುವುದು ಅವಳ ಕೆಲಸ. ಈಗ ಮಾಲೀಕರು ಅಂಗಡಿ ಮುಚ್ಚುತ್ತಿದ್ದಾರೆ. ಕಣ್ಣಾಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಿದೆ, ಆದರೆ ಭೌತಶಾಸ್ತ್ರ ಪಾಸಾಗಿರಬೇಕು. ಈ ಸಲವೂ ಫೇಲಾದರೆ ಆ ಕೆಲಸಕ್ಕೆ ಅವಳ ವಯಸ್ಸು ಮೀರುತ್ತದೆ. ಭಾವ ತೀರಿಕೊಂಡ ಮೇಲೆ ಅವಳ ಮನೆ ನಡೆಯುವುದು ಅವಳ ದುಡಿಮೆಯಿಂದಲೇ.

ಕಂಡವರ ಮಕ್ಕಳಿಗೆಲ್ಲ ಇದೇ ಪಾಠ ಹೇಳಿ ಪಾಸು ಮಾಡಿಸುವವನು ನಾನು. ದೀಪದ ಕೆಳಗೆ ಕತ್ತಲೆ ಎಂದು ಅಮ್ಮ ಗೋಡೆಗೆ ಹೇಳುವವಳಂತೆ ನನಗೆ ಹೇಳುತ್ತಾಳೆ.

ಅಕ್ಕನಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ಸುಮ್ಮನೆ ಒಪ್ಪಿಕೊಳ್ಳಲು ಬರುವುದಿಲ್ಲ.

"ನೆಲದಲ್ಲಿ ಘರ್ಷಣೆ ಇಲ್ಲ ಅಂತ ಇಟ್ಕೋ," ಎಂದೆ.

"ಹಾಗಾದ್ರೆ ಪೆಟ್ಟಿಗೆ ತಳ್ಳೋನು ನಿಂತ್ಕೊಳ್ಳೋದು ಹೇಗೋ? ಮೊದಲು ಅವನೇ ಜಾರಿ ಬೀಳ್ತಾನೆ."

ಬಿಸಿ ತಾಮ್ರದ ತುಂಡನ್ನು ನೀರಿಗೆ ಹಾಕುವ ಲೆಕ್ಕ ಕೊಟ್ಟೆ. ಪಾತ್ರೆ ಶಾಖ ಹೀರುವುದಿಲ್ಲ ಎಂದು ಪ್ರಶ್ನೆಯಲ್ಲೇ ಇತ್ತು. "ಪಾತ್ರೆ ಏನು ಉಪವಾಸನಾ?" ಎಂದಳು. ನನಗೆ ನಗುವೂ ಬಂತು, ತಲೆ ಚಚ್ಚಿಕೊಳ್ಳುವ ಹಾಗೂ ಆಯಿತು. ಗದರಿದೆ. ಪಾಪ, ತುಟಿ ಕಚ್ಚಿಕೊಂಡು ಹೇಗೋ ಸರಿ ಉತ್ತರ ಬರೆದಳು.

ಬೆಳಕಿನ ಪಾಠ ಬಂದಾಗ ನಾನು ನಿಶ್ಚಿಂತನಾದೆ. ಅದು ಅವಳ ಅನ್ನ ತಾನೇ! ಒಬ್ಬನಿಗೆ ಎಂಬತ್ತು ಸೆಂಟಿಮೀಟರ್ ಆಚೆಗಿನದು ಸ್ಪಷ್ಟವಾಗಿ ಕಾಣದು, ಯಾವ ಮಸೂರ ಬೇಕು? ಮೈನಸ್ ಒಂದೂಕಾಲು ಬರಬೇಕು. ಅವಳು ಸೂತ್ರ ಹಾಕಿ, ಒಂದೂಕಾಲು ತೆಗೆದು, ಅದರ ಕೆಳಗೆ ಉತ್ತರ ಮೈನಸ್ ಒಂದು ಎಂದು ಬರೆದಳು.

"ಇದೇನೇ ಅಕ್ಕ? ಕಾಲು ಎಲ್ಲಿ ಹೋಯ್ತು?"

"ಮೊದಲ ಸಲ ಹಾಕ್ಕೊಳ್ಳೋನಿಗೆ ಪೂರ್ತಿ ನಂಬರು ಕೊಡ್ತಾರೇನೋ? ತಲೆ ತಿರುಗುತ್ತೆ, ಮೆಟ್ಟಿಲು ಎಲ್ಲಿದೆ ಅಂತ ತಿಳಿಯಲ್ಲ. ನಮ್ಮಂಗಡೀಲಿ ಮೊದಲು ಸ್ವಲ್ಪ ಕಮ್ಮಿ ಕೊಟ್ಟು, ಅಭ್ಯಾಸ ಆದ್ಮೇಲೆ ಪೂರ್ತಿ ಕೊಡ್ತೀವಿ."

"ಅವನಿಗೆ ಮೊದಲ ಸಲ ಅಂತ ಯಾರು ಹೇಳಿದ್ರು?"

"ಕನ್ನಡಕ ಇದ್ದಿದ್ರೆ ಪ್ರಶ್ನೇಲಿ ಬರೀತಿರ್ಲಿಲ್ವಾ?"

ಪರೀಕ್ಷೆಗೆ ಅಷ್ಟು ಸಲ ಕೂತಾಗಲೂ ಇದನ್ನೇ ಮಾಡಿ ಬಂದಿದ್ದಾಳೆ. ಸಿಟ್ಟು ನೆತ್ತಿಗೇರಿತು. ಅಲ್ಲಿ ಗಿರಾಕಿಯೂ ಇಲ್ಲ, ಕಣ್ಣೂ ಇಲ್ಲ, ಸೂತ್ರದಿಂದ ಬಂದದ್ದನ್ನು ಬರೆದು ಮುಂದೆ ಹೋಗು ಎಂದೆ. ಅಮ್ಮನ ಮುಂದೆ ಆಣೆ ಹಾಕಿಸಿದೆ. ಹೂಂ ಎಂದಳು.

ಪರೀಕ್ಷೆಯ ದಿನ ಗೇಟಿನ ಹೊರಗೆ ಕಾದು ನಿಂತಿದ್ದೆ. ಎಲ್ಲರೂ ಹೋದ ಮೇಲೆ ಅಕ್ಕ ಬಂದಳು.

"ಮಸೂರದ ಲೆಕ್ಕ ಬಂದಿತ್ತಾ?"

"ಶುರುವಿನಲ್ಲೇ ಇತ್ತು. ಶಾಲೆಗೆ ಹೋಗೋ ಹುಡುಗಿ. ಐವತ್ತು ಸೆಂಟಿಮೀಟರ್ ಆಚೆ ಕಾಣಲ್ಲ."

"ಎಷ್ಟು ಬರೆದೆ?"

"ಮೈನಸ್ ಎರಡು. ಪೂರ್ತಿ."

ನಾನು ಖುಷಿಗೆ ಅವಳ ಕೈ ಹಿಡಿದುಕೊಂಡೆ.

"ಉಳಿದದ್ದು?"



"ಕೈ ಓಡಲಿಲ್ಲ ಕಣೋ. ಬರೆದು ಮುಂದಕ್ಕೆ ಹೋದೆ, ನೀನು ಹೇಳಿದ ಹಾಗೇನೇ. ಆದ್ರೆ ಆ ಮಗು ಅದನ್ನ ಹಾಕ್ಕೊಂಡು ಮೆಟ್ಟಿಲಿಳೀತಿದೆ ಅಂತ ಅನ್ನಿಸ್ತಾನೇ ಇತ್ತು. ತಿರುಗಿ ಹೋಗಿ ತಿದ್ದೋಣ ಅಂದ್ರೆ ಅಮ್ಮನ ಮುಂದೆ ಆಣೆ. ಮುಂದಿನ ಪ್ರಶ್ನೆ ಓದೋದು, ಮತ್ತೆ ಹಿಂದಿನದಕ್ಕೆ ಬರೋದು. ಅಷ್ಟರಲ್ಲಿ ಪೇಪರ್ ಕಿತ್ಕೊಂಡ್ರು."

ಅಂಥ ಹುಡುಗಿಯೇ ಇಲ್ಲ, ಯಾರೋ ಕೂತು ಬರೆದ ಪ್ರಶ್ನೆ ಅದು ಎಂದು ಹೇಳಬೇಕೆಂದುಕೊಂಡೆ. ಅಕ್ಕನ ಮುಖ ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ನನಗೆ ಅಳು ಬಂದಿತ್ತು.

"ಆ ಮಗು ಬಿದ್ದಿರಲ್ಲ ಬಿಡೆ ಅಕ್ಕ," ಎಂದೆ. "ಯಾರಾದ್ರೂ ಕೈ ಹಿಡ್ಕೊಂಡಿರ್ತಾರೆ."